ವರ್ಜೀನಿಯಾದಲ್ಲಿ ಇಬ್ಬರೇ ಏಕೆ ಉಳಿದರು

ಫೇರ್‌ಫ್ಯಾಕ್ಸ್, ವರ್ಜೀನಿಯಾ
8 ಮಾರ್ಚ್ 2012

ಪೂಜ್ಯ ಚಿಕ್ಕಪ್ಪನವರಿಗೆ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಅಧ್ಯಕ್ಷ ಚುನಾವಣೆಗೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಮಂಗಳವಾರ ಮುಗಿದರೂ ನಮ್ಮ ರಿಪಬ್ಲಿಕನ್ ಪಕ್ಷದವರ ಮುಖದಲ್ಲಿ ಗೆಲುವಿಲ್ಲವಲ್ಲ, ಏಕೆ ಎಂದು ಫೋನಿನಲ್ಲಿ ಕೇಳಿದ್ದಿರಿ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಈ ಪತ್ರ.

ಭಾರತದಲ್ಲಿ ಹೈಕಮಾಂಡ್ ಕೂತು ಬಿ ಫಾರಂ ಕೊಡುತ್ತದೆ. ಇಲ್ಲಿ ಆ ಕೆಲಸ ಮತದಾರರದು. ಪ್ರತಿ ರಾಜ್ಯದ್ದೂ ಬೇರೆ ದಿನ, ಬೇರೆ ನಿಯಮ. ಬಿದ್ದ ಮತಗಳ ಆಧಾರದ ಮೇಲೆ ಅಭ್ಯರ್ಥಿಗಳಿಗೆ ಪಕ್ಷದ ಸಮಾವೇಶದ ಪ್ರತಿನಿಧಿಗಳು ಸಿಗುತ್ತಾರೆ. ಈ ಸಲದ 2286 ಪ್ರತಿನಿಧಿಗಳಲ್ಲಿ 1144 ಮಂದಿಯ ಬೆಂಬಲ ಸಿಕ್ಕವರು ಆಗಸ್ಟಿನಲ್ಲಿ ಟ್ಯಾಂಪಾ ಸಮಾವೇಶದಲ್ಲಿ ಅಧಿಕೃತ ಅಭ್ಯರ್ಥಿ.

ಸಂಪ್ರದಾಯವಾದಿ ಮತದಾರನಿಗೆ ಕಣದಲ್ಲಿ ಉಳಿದ ನಾಲ್ವರಲ್ಲಿ ಯಾರೂ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ರಾಮ್ನಿ 2006ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಆಗಿದ್ದಾಗ ವಿಮೆ ಕಡ್ಡಾಯ ಮಾಡುವ ಆರೋಗ್ಯ ಕಾನೂನಿಗೆ ಸಹಿ ಹಾಕಿದವರು. ಅಧ್ಯಕ್ಷ ಒಬಾಮ ತಂದ ಆರೋಗ್ಯ ಕಾನೂನಿನಲ್ಲಿರುವ ಅಂಥದೇ ಕಡ್ಡಾಯವನ್ನು ಅವರು ಯಾವ ಮುಖದಿಂದ ಪ್ರಶ್ನಿಸಬೇಕು? ಸ್ಯಾಂಟೋರಮ್ ಕುಟುಂಬ ಮೌಲ್ಯಗಳ ವಿಷಯದಲ್ಲಿ ಗಟ್ಟಿ, ಆದರೆ 2003ರಲ್ಲಿ ವೃದ್ಧರ ಸರ್ಕಾರಿ ವಿಮೆಯಾದ ಮೆಡಿಕೇರ್‌ನ ಔಷಧಿ ಯೋಜನೆಯ ದೊಡ್ಡ ಖರ್ಚಿಗೆ ಮತ ಹಾಕಿದ್ದಾರೆ. ಗಿಂಗ್ರಿಚ್ ಸರ್ಕಾರದ ಬೆಂಬಲವಿರುವ ಗೃಹಸಾಲ ಸಂಸ್ಥೆ ಫ್ರೆಡ್ಡಿ ಮ್ಯಾಕ್‌ನಿಂದ ಸಲಹೆಗಾರಿಕೆಯ ಹಣ ಪಡೆದವರು. ರಾನ್ ಪಾಲ್ ಖರ್ಚು ಕಡಿತದಲ್ಲಿ ಎಲ್ಲರಿಗಿಂತ ನೇರ, ಆದರೆ ಹೊರದೇಶದ ಯುದ್ಧಗಳು ಬೇಡವೆನ್ನುವ ಅವರ ವಿದೇಶ ನೀತಿ ಪಕ್ಷದ ಬಹುಪಾಲು ಜನಕ್ಕೆ ಸೇರುವುದಿಲ್ಲ.

ಇಷ್ಟಾದರೂ ನಾಲ್ವರ ನಡುವೆ ಆರಿಸಬಹುದಿತ್ತು. ವರ್ಜೀನಿಯಾದಲ್ಲಿ ಅದೂ ಸಿಗಲಿಲ್ಲ. ಮತಪತ್ರದಲ್ಲಿ ಇದ್ದದ್ದು ರಾಮ್ನಿ ಮತ್ತು ಪಾಲ್ ಇಬ್ಬರೇ.

ಕಾರಣ ಸಹಿಗಳು. ನಮ್ಮಲ್ಲಿ ಪಕ್ಷೇತರನಿಗೂ ಹತ್ತು ಸೂಚಕರು ಸಾಕು. ಇಲ್ಲಿ ನೋಂದಾಯಿತ ಮತದಾರರ 10,000 ಸಹಿ ಬೇಕು, ಅದರಲ್ಲೂ ರಾಜ್ಯದ 11 ಕಾಂಗ್ರೆಸ್ (ಇಲ್ಲಿಯ ಸಂಸತ್ತು) ಕ್ಷೇತ್ರಗಳಲ್ಲಿ ಪ್ರತಿಯೊಂದರಿಂದ ಕನಿಷ್ಠ 400. ಸಂಗ್ರಹಿಸುವವನು ಇದೇ ರಾಜ್ಯದವನಾಗಿರಬೇಕು, ಪ್ರತಿ ಹಾಳೆಗೂ ನೋಟರಿ ಮುಂದೆ ಪ್ರಮಾಣ ಮಾಡಬೇಕು. ಕಳೆದ ಡಿಸೆಂಬರ್ 22 ಕೊನೆಯ ದಿನ. ಸಹಿ ತಿರಸ್ಕಾರವಾಗುವುದು ಸಣ್ಣ ಕಾರಣಕ್ಕೆ: ಹಾಕಿದವರು ನೋಂದಾಯಿತರಲ್ಲ, ಮನೆ ಬದಲಿಸಿ ವಿಳಾಸ ತಿದ್ದಿಸಿಲ್ಲ, ಅಕ್ಷರ ಓದಲಾಗದು, ಹಾಳೆಗೆ ನೋಟರಿ ಮುದ್ರೆ ಇಲ್ಲ. ಅದಕ್ಕೇ 15,000ದಿಂದ 20,000 ಸಹಿ, ಕ್ಷೇತ್ರಕ್ಕೆ 700ರಂತೆ ತನ್ನಿ ಎಂದು ಚುನಾವಣಾ ಮಂಡಳಿಯೇ ಸೂಚಿಸಿತ್ತು. ರಾಮ್ನಿ ಕಡೆಯವರು 16,000 ದಾಟಿಸಿದರು. ಗಿಂಗ್ರಿಚ್ ಕಡೆಯವರು 11,000ದ ಆಸುಪಾಸಿನಲ್ಲೇ ನಿಂತರು. ಪರಿಶೀಲನೆಯಲ್ಲಿ ಅದು 10,000ಕ್ಕಿಂತ ಕೆಳಗಿಳಿಯಿತು. ಅವರ ಮನೆ ಇರುವುದೇ ಈ ರಾಜ್ಯದಲ್ಲಿ! ಆಗ ಕಣದಲ್ಲಿದ್ದ ಟೆಕ್ಸಾಸ್ ಗವರ್ನರ್ ಪೆರ್ರಿಯವರದೂ ಸಾಲಲಿಲ್ಲ. ಸ್ಯಾಂಟೋರಮ್ ಅರ್ಜಿಯನ್ನೇ ಕೊಡಲಿಲ್ಲ. ಪೆರ್ರಿ ಕೋರ್ಟಿಗೆ ಹೋದರು, ಗಿಂಗ್ರಿಚ್ ಮತ್ತಿತರರು ಜೊತೆಗೂಡಿದರು. ಹೊರರಾಜ್ಯದವರು ಸಹಿ ಸಂಗ್ರಹಿಸಬಾರದೆಂಬ ನಿಯಮ ಸಂವಿಧಾನಕ್ಕೆ ಒಪ್ಪುವಂತಿಲ್ಲ ಎಂದರೂ, ನೀವು ಬಂದದ್ದು ತಡವಾಯಿತು ಎಂದು ನ್ಯಾಯಾಧೀಶರು ಜನವರಿ 13ರಂದು ತಳ್ಳಿಹಾಕಿದರು.

ಹೆಸರಿಲ್ಲದಿದ್ದರೆ ಕೈಯಾರೆ ಬರೆಯಬಹುದಲ್ಲ ಎನ್ನುತ್ತೀರಿ. ಇಲ್ಲಿ ಪ್ರೈಮರಿಯಲ್ಲಿ ಅದಕ್ಕೆ ಕಾನೂನಿನ ಅನುಮತಿ ಇಲ್ಲ. ಅಲ್ಲಿಯ 49-ಓ ನಿಯಮದ ಹಾಗೆ ಯಾರೂ ಬೇಡವೆಂದು ದಾಖಲಿಸುವ ದಾರಿಯೂ ಇಲ್ಲ. ಹೀಗಾಗಿ ಬೇಸತ್ತವರು ಮನೆಯಲ್ಲೇ ಉಳಿದರು. 2008ರಲ್ಲಿ ಸುಮಾರು 4.89 ಲಕ್ಷ ಮತ ಬಿದ್ದಿದ್ದ ಕಡೆ ಈ ಸಲ ಬಿದ್ದದ್ದು 2.65 ಲಕ್ಷ. ಅದರಲ್ಲೂ ಪಾಲ್‌ಗೆ ಶೇ. 40. ಅಷ್ಟು ಜನ ಅವರ ಅನುಯಾಯಿಗಳೆಂದು ನಾನು ನಂಬುವುದಿಲ್ಲ. ರಾಮ್ನಿ ಬೇಡವೆನ್ನಲು ಇದ್ದ ಒಂದೇ ಗುಂಡಿ ಅದು.

ಇನ್ನೊಂದು ಸಂಗತಿ ನನ್ನನ್ನು ಕಾಡುತ್ತಿದೆ. ರಾಜ್ಯದ 49 ಪ್ರತಿನಿಧಿಗಳಲ್ಲಿ ಕ್ಷೇತ್ರಕ್ಕೆ ಮೂವರಂತೆ 33 ಮಂದಿ ಆಯಾ ಕ್ಷೇತ್ರ ಗೆದ್ದವರಿಗೆ; ಇನ್ನು 13 ಮಂದಿ ರಾಜ್ಯದಾದ್ಯಂತ ಅರ್ಧಕ್ಕಿಂತ ಹೆಚ್ಚು ಮತ ಪಡೆದವರಿಗೆ. ಕಣದಲ್ಲಿ ಇಬ್ಬರೇ ಇದ್ದರೆ ಒಬ್ಬರಿಗೆ ಅರ್ಧ ದಾಟಲೇಬೇಕಲ್ಲ! ಬಹುಮತಕ್ಕೆ ಬೆಲೆ ಕೊಡಲೆಂದು ಮಾಡಿದ ನಿಯಮ ಹೀಗೆ ಅರ್ಥ ಕಳೆದುಕೊಂಡಿತು. ಪಾಲ್‌ಗೆ ದಕ್ಕಿದ್ದು ಮೂರನೇ ಕ್ಷೇತ್ರದ ಮೂವರು ಮಾತ್ರ.

ಅಭ್ಯರ್ಥಿಗಳ ಸೋಮಾರಿತನವನ್ನು ನಾನು ಮನ್ನಿಸುವುದಿಲ್ಲ; ಸಹಿ ಸಂಗ್ರಹಕ್ಕೆ ಜುಲೈನಿಂದ ಕಾಲಾವಕಾಶವಿತ್ತು. ಆದರೂ ಶಿಕ್ಷೆ ಬಿದ್ದದ್ದು ಮತದಾರನಿಗೆ. ಸಹಿಯ ಸಂಖ್ಯೆ ಅರ್ಧಕ್ಕೆ ಇಳಿಯಬೇಕು, ಹೆಸರು ಬರೆದು ಹಾಕುವ ಅವಕಾಶ ಬೇಕು. ರಾಜ್ಯದ ರಾಜಧಾನಿ ರಿಚ್ಮಂಡಿನ ಶಾಸನಸಭೆ ಮನಸ್ಸು ಮಾಡಿದರೆ ಎರಡೂ ಆಗುವ ಕೆಲಸ. ಇಲ್ಲಿಯ ಕೌಂಟಿ ಘಟಕದವರು ಅದಕ್ಕಾಗಿ ನಮ್ಮ ಶಾಸಕರಿಗೆ ಪತ್ರ ಬರೆಯುತ್ತಿದ್ದಾರೆ, ನಾನೂ ಜೊತೆಗಿದ್ದೇನೆ.

ಚಿಕ್ಕಮ್ಮನಿಗೆ ನಮಸ್ಕಾರ ತಿಳಿಸಿ, ಮಕ್ಕಳಿಗೆ ಆಶೀರ್ವಾದ.

ಇಂತಿ ನಿಮ್ಮ ಪ್ರೀತಿಯ
ರಘು