ನಕ್ಕಾವ್ರೊಳಗ ನಾನೂ ಇದ್ದೆ

ಧಾರವಾಡ

ಚಿ. ಮಗಳಿಗೆ ದೊಡ್ಡವ್ವನ ಆಶೀರ್ವಾದಗಳು.

ನಿನ್ನ ಪತ್ರ ಮೂರು ಸಲ ಓದಿದೆ. ಉಳಿದದ್ದೆಲ್ಲಾ ಇರಲಿ. 'ಇನ್ನಮ್ಯಾಲೆ ಮೀಟಿಂಗಿನಾಗ ಬಾಯಿ ತಗ್ಯೂದಿಲ್ಲ' ಅಂತ ಬರದೀಯಲ್ಲ, ಆ ಒಂದ ಸಾಲು ರಾತ್ರಿ ನಿದ್ದಿ ಮಾಡಗೊಡಲಿಲ್ಲ.

ಸಾಹೇಬ್ರು 'ರನ್ ಇಟ್ ಬೈ ಮಿ' ಅಂದ್ರು, ನೀ ಪ್ರೋಗ್ರಾಮ್ ರನ್ ಮಾಡಿ ಕುಂತಿ, ಮೀಟಿಂಗಿನಾಗ ಮಂದಿ ನಕ್ರು. 'ಮೊದ್ಲ ನನಗೊಮ್ಮೆ ತೋರಸು' ಅನ್ನೂದು ಅದರರ್ಥ ಅಂತ ನನಗೂ ನಿನ್ನ ಪತ್ರ ಓದಿದಮ್ಯಾಲೇ ತಿಳಿದದ್ದು. 30 ವರ್ಷ ಇಂಗ್ಲಿಷ್ ಕಲಿಸಿದಾಕಿ ನಾ! ಆಕ್ಸ್‌ಫರ್ಡ್ ನಿಘಂಟಿನಾವ್ರು ರನ್ ಅನ್ನೂ ಕ್ರಿಯಾಪದ ಒಂದಕ್ಕ 645 ಅರ್ಥ ಎಣಿಸ್ಯಾರ. ಅವನ್ನ ಬಿಡಿಸಿ ಬರ್ಯಾಕ ಪೀಟರ್ ಗಿಲಿವರ್ ಅನ್ನೂ ಸಂಪಾದಕಗ 9 ತಿಂಗಳು ಹಿಡೀತಂತ. ಅವರ ಮನಿ ಮಾತು ಅದು. ನಿನಗ ಒಂದ ಮೀಟಿಂಗಿನಾಗ ಹೆಂಗ ತಿಳೀಬೇಕು?

ಆದ್ರ ನನ್ನ ಕಾಡೂದು ಅದಲ್ಲ, ಬಾಯಿ ಮುಚ್ಚೂ ಮಾತು. ಹಾವೇರಿ ಕಡೆ ಒಂದು ಹಳ್ಳಿ ಸಾಲ್ಯಾಗ ಐದನೇತ್ತಾ ಕಲಿಸ್ತಿದ್ದೆ. 'ದಿ ಟ್ಯಾಪ್ ಈಸ್ ರನಿಂಗ್' ಅಂತ ಬೋರ್ಡಿನ ಮ್ಯಾಲೆ ಬರದಾಗ ಹಿಂದ ಕುಂತ ಹುಡುಗೊಬ್ಬ ಎದ್ದು, 'ಅಕ್ಕೋರ, ನಳಕ್ಕ ಕಾಲೆಲ್ಲಿ ಅದಾವ್ರಿ?' ಅಂದ. ವರ್ಗಕ್ಕ ವರ್ಗನ ನಕ್ಕಿತು. ನಾನೂ ನಕ್ಕೆ. ಉತ್ತರ ಕೊಡಲಿಲ್ಲ. ಆ ಹುಡುಗ ಏಳನೇತ್ತಾ ಮುಗಿಸೂತನಕ ಮತ್ತ ಒಂದೂ ಪ್ರಶ್ನೆ ಕೇಳಲಿಲ್ಲ. ಹೆಸರು ಕೂಗಿದ್ರ 'ಹಾಜರ್ರೀ' ಅಂತಿದ್ದ, ಅಷ್ಟ. ನಿನ್ನ ಸಾಲು ಓದಿದಾಗ ಅವನ ಮಾರಿ ಕಂಡಂಗಾತು.

ಎಷ್ಟು ಚಲೋ ಪ್ರಶ್ನೆ ಅದು! ಇಂಗ್ಲಿಷಿನಾಗ ಅಂಗಡಿ ಓಡತೈತಿ, ಮನಿ ಓಡತೈತಿ, ನೆಗಡಿ ಆದ್ರ ಮೂಗೂ ಓಡತೈತಿ. ನಮ್ಮಲ್ಲಿ ಅಂಗಡಿ ನಡೀತೈತಿ, ಸಂಸಾರ ನಡೀತೈತಿ, ಮೂಗು ಸೋರತೈತಿ, ನಳಾ ಬರತಾವ. ಹರಕ ಅಂಗಿ ತೊಟ್ಟರೂ 'ನಡೀತೈತಿ ಬಿಡ' ಅಂತೀವಿ. ಅಂಗಡಿಗೆ ಕಾಲೆಲ್ಲಿ ಅದಾವೋ ಅಂತ ತಿರುಗಿ ಕೇಳಿದ್ರ ಅವಗ ಅಲ್ಲೇ ತಿಳೀತಿತ್ತು. ಆಗ ನನಗ ಹೊಳೀಲಿಲ್ಲ. ಹೊಳೀಲಿಲ್ಲ ಅನ್ನೂದನ್ನ ಮುಚ್ಚಾಕ ನಕ್ಕೆ.

ಉಪಾಯ ಅಂತ ನನ್ನ ಹತ್ರ ದೊಡ್ಡದೇನಿಲ್ಲ. ಒಂದು ವಹಿ ಇಡು, ಬರೇ ಶಬ್ದ ಬ್ಯಾಡ, ಇಡೀ ವಾಕ್ಯ ಬರಕೋ. ರನ್ನಿನ ಬೆನ್ನಿಗೆ ಬರೂ ಸಣ್ಣ ಶಬ್ದ ನೋಡು: ಔಟ್ ಬಂದ್ರ ಸಾಮಾನು ತೀರಿತು, ಇನ್‌ಟೂ ಬಂದ್ರ ಯಾರೋ ಅಚಾನಕ್ ಭೆಟ್ಟಿ ಆದ್ರು. ನಿನಗ ಗೊತ್ತಿದ್ದದ್ದ ಇರಬೇಕು. ಮಾಸ್ತರಕಿ ಚಾಳಿ, ಬಿಡು.

ತಿಳೀಲಿಲ್ಲಂದ್ರ ಕೇಳಿಬಿಡ. ಜರ್ಮನಿಯಿಂದ ಕಿಟೆಲ್ ಬಂದದ್ದು 1853ರಾಗ, ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಾಗ. ಆ ನಡುವ 'ಹಂಗಂದ್ರ ಏನ್ರಿ?' ಅಂತ ಎಷ್ಟು ಮಂದಿನ್ನ ಕೇಳಿರಬೇಕು, ಎಷ್ಟು ಮಂದಿ ನಕ್ಕಿರಬೇಕು. ಆದ್ರ ಕೇಳು ಅಂತ ಹೇಳೂ ಹಕ್ಕು ನನಗೈತೋ ಇಲ್ಲೋ.

ಒಂದು ಮಾತು ನಿನ್ನ ಪತ್ರದಾಗಿಲ್ಲ. ಅವತ್ತು ಸಾಹೇಬ್ರೂ ನಕ್ರೇನು? ನಕ್ಕಮ್ಯಾಲಾದ್ರೂ ಅರ್ಥ ಹೇಳಿದ್ರೇನು? ಅಷ್ಟು ಬರಿ. ಫೋನ್ ಬ್ಯಾಡ. ಫೋನಿನಾಗ ನೀ 'ಎಲ್ಲಾ ಆರಾಮ, ದೊಡ್ಡವ್ವ' ಅಂತಿ.

ನಿನ್ನ
ದೊಡ್ಡವ್ವ