ಕೂರಿಸಿ ಅಳೆದರೆ ಸಾಲದು, ನಡೆಸಿ ನೋಡಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕರ್ನಾಟಕದ ಆರೋಗ್ಯ ಸಚಿವರಿಗೆ ನಮಸ್ಕಾರ.

ನಾನು ಸಿಒಪಿಡಿ ರೋಗಿ. ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ ಇದು. ಕೂತಿದ್ದಾಗ, ರಕ್ತದ ಆಕ್ಸಿಜನ್ ಅಳೆಯುವ ಬೆರಳಿನ ಆಕ್ಸಿಮೀಟರ್ ಶೇ 94 ತೋರಿಸುತ್ತದೆ. ಮೆಟ್ಟಿಲು ಹತ್ತಿದರೆ 84. ಆಸ್ಪತ್ರೆಯಲ್ಲಿ ಅಳೆಯುವುದು ಕೂತಾಗ ಮಾತ್ರ. "ಪರವಾಗಿಲ್ಲ, ರೆಸ್ಟ್ ತಗೊಳ್ಳಿ" ಅಂತ ಕಳಿಸುತ್ತಾರೆ.

ಆ ರೆಸ್ಟೇ ನಮ್ಮನ್ನು ಕೆಡಿಸುವುದು. ದಮ್ಮು ಬರುತ್ತದೆಂದು ನಡೆಯುವುದನ್ನು ಬಿಡುತ್ತೇವೆ. ಕಾಲಿನ ಶಕ್ತಿ ಹೋಗುತ್ತದೆ. ಆಮೇಲೆ ಬಚ್ಚಲಿಗೆ ಹೋಗಿ ಬಂದರೂ ಏದುಸಿರು. ಬೀಡಿ ಮುಟ್ಟದೆ, ಸೌದೆ ಒಲೆಯ ಹೊಗೆ ಕುಡಿದೇ ಈ ಕಾಯಿಲೆ ತಂದುಕೊಂಡ ಹೆಂಗಸರ ಪಾಡೂ ಇದೇ.

ಇದಕ್ಕೆ ಪಲ್ಮನರಿ ರಿಹ್ಯಾಬಿಲಿಟೇಶನ್ ಎಂಬ ದಾರಿ ಇದೆ. ಆರೆಂಟು ವಾರ, ವಾರಕ್ಕೆ ಎರಡು ಮೂರು ದಿನ, ಫಿಸಿಯೋಥೆರಪಿಸ್ಟ್ ಕಣ್ಣೆದುರು ವ್ಯಾಯಾಮ. ಶ್ವಾಸಕೋಶ ವಾಸಿಯಾಗುವುದಿಲ್ಲ. ಆದರೆ ಜಾಸ್ತಿ ದೂರ ನಡೆಯಬಹುದು, ಏದುಸಿರೂ ತಗ್ಗುತ್ತದೆ.

ಎಲ್ಲರಿಗೂ ಆಕ್ಸಿಜನ್ ಹಂಚಿ ಎನ್ನುತ್ತಿಲ್ಲ. 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 738 ರೋಗಿಗಳಿದ್ದರು. ಆಕ್ಸಿಜನ್ ಮಟ್ಟ ತೀರಾ ಕುಸಿಯದೆ ಮಧ್ಯಮವಾಗಿ ಇಳಿಯುವವರು. ಮನೆಯಲ್ಲಿ ಆಕ್ಸಿಜನ್ ಕೊಟ್ಟರೂ ಅವರ ಆಯಸ್ಸು ಹೆಚ್ಚಲಿಲ್ಲ, ಆಸ್ಪತ್ರೆ ಸೇರುವುದೂ ತಪ್ಪಲಿಲ್ಲ. ಅತಿಯಾದರೆ ಕೆಲವರ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುವ ಅಪಾಯವೂ ಉಂಟು. ಅದಕ್ಕೇ ಮೊದಲು ಪರೀಕ್ಷೆ ಬೇಕು. ಆರು ನಿಮಿಷ ನಡೆಸಿ ನೋಡಲು 30 ಮೀಟರ್ ವರಾಂಡ, ಗಡಿಯಾರ, ಆಕ್ಸಿಮೀಟರ್, ಪಕ್ಕದಲ್ಲೊಬ್ಬ ನರ್ಸ್ ಇದ್ದರಾಯಿತು. ನಡೆಯುವಾಗ 88ಕ್ಕಿಂತ ಕೆಳಗೆ ಇಳಿಯುವವರಿಗೆ, ವೈದ್ಯರು ಹೇಳಿದಷ್ಟು ಲೀಟರ್ ಆಕ್ಸಿಜನ್, ವ್ಯಾಯಾಮದ ಹೊತ್ತಿಗೆ ಕೊಡಿ.

ಹೆಗಲಿಗೆ ಹಾಕಿಕೊಳ್ಳುವ ಪೋರ್ಟಬಲ್ ಆಕ್ಸಿಜನ್ ಯಂತ್ರಕ್ಕೆ ಲಕ್ಷಕ್ಕೂ ಮೇಲಾಗುತ್ತದೆ. ಅದು ಬೇಡ. 2021ರ ಕೋವಿಡ್ ಅಲೆಯಲ್ಲಿ ಆಸ್ಪತ್ರೆಗಳಿಗೆ ಬಂದ, ಗಾಳಿಯಿಂದಲೇ ಆಕ್ಸಿಜನ್ ತೆಗೆದುಕೊಡುವ ಕಾನ್ಸಂಟ್ರೇಟರ್ ಯಂತ್ರಗಳು ಮೂಲೆಯಲ್ಲಿ ಧೂಳು ತಿನ್ನುವುದನ್ನು ನಾನೇ ನೋಡಿದ್ದೇನೆ. ಸರ್ವಿಸ್ ಮಾಡಿಸಿ ಒಂದು ವ್ಯಾಯಾಮದ ಸೈಕಲ್ ಪಕ್ಕ ಇಡಿಸಿ. ಕೂತಲ್ಲೇ ಪೆಡಲ್ ತುಳಿಯುವವನಿಗೆ ಯಂತ್ರ ಹೊತ್ತು ತಿರುಗುವ ಕೆಲಸವೇ ಇಲ್ಲ, ಅಲ್ವಾ? ಈ ನಡಿಗೆ ಪರೀಕ್ಷೆ, ವ್ಯಾಯಾಮ ಜಿಲ್ಲಾಸ್ಪತ್ರೆಗಳಿಂದಲೇ ಶುರುವಾಗಲಿ.

ಇನ್ನೊಂದು ಮಾತು. ಕೂತಾಗಲೂ ಆಕ್ಸಿಜನ್ ತೀರಾ ಕಮ್ಮಿ ಇರುವವರಿಗೆ ಮನೆಯಲ್ಲಿ ದಿನಕ್ಕೆ 15 ಗಂಟೆಯಾದರೂ ಯಂತ್ರ ಓಡಬೇಕು. ನಿಮಿಷಕ್ಕೆ 5 ಲೀಟರ್ ಆಕ್ಸಿಜನ್ ಕೊಡುವ ಯಂತ್ರ ತಿಂಗಳಿಗೆ ಸುಮಾರು 150 ಯೂನಿಟ್ ಎಳೆಯುತ್ತದೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಬಿಲ್ ಪೂರ್ತಿ ನಮ್ಮ ತಲೆಗೆ. ಇಂಧನ ಇಲಾಖೆ ನಿಮ್ಮದಲ್ಲ, ಗೊತ್ತು. ಆದರೆ ಸಂಪುಟ ಸಭೆಯಲ್ಲಿ ಆ ಸಚಿವರು ಸಿಗುತ್ತಾರಲ್ಲ. ವೈದ್ಯರ ಚೀಟಿ ಇರುವ ಮನೆಗೆ ಆ ಯೂನಿಟ್‌ಗಳನ್ನು ಲೆಕ್ಕದಿಂದ ಬಿಡಿಸಿ.

ಇಂತಿ,
ಒಬ್ಬ ಸಿಒಪಿಡಿ ರೋಗಿ