ಲೈಬ್ರರಿಯಲ್ಲಿ ಪಕ್ಕ ಕೂತಿದ್ದ ನಿಮಗೆ

ನನ್ನ ಗಂಡನ ಮುತ್ತಜ್ಜನ ಅಪ್ಪ ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ ಹೊಲ ಮಾಡಿದವರು. ಎಲ್ಲಿಂದ ಬಂದರು, ಯಾರ ಮಗ, ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. 1880ರ ಜನಗಣತಿಯಲ್ಲಿ ಹೆಂಡತಿ ಜೊತೆ ಸಿಕ್ಕರು. 1900ರಲ್ಲಿ ಆಕೆ ಒಬ್ಬರೇ, ವಿಧವೆ ಅಂತ. ನಡುವಿನ 1890ರದ್ದು? 1921ರಲ್ಲಿ ವಾಷಿಂಗ್ಟನ್‌ನಲ್ಲಿ ಬೆಂಕಿ ಬಿದ್ದು ಬಹುಪಾಲು ಹಾಳಾಗಿದೆ. ಕೈಚೆಲ್ಲಿ ಕೂತಿದ್ದೆ.

ಆಗ ನೀವು, ಹೆಸರೂ ಹೇಳದೆ, ಕೇಳಿದಿರಿ: "ಜಮೀನಿನ ಫೈಲ್ ತರಿಸಿದ್ದೀರಾ?"

ಪಹಣಿ ನೋಡುತ್ತಾ ಬೆಳೆದವಳು ನಾನು, ನನಗೇ ಹೊಳೆದಿರಲಿಲ್ಲ ನೋಡಿ! ನೆಲೆಸಿ ಉಳುವವರಿಗೆ ಸರ್ಕಾರ ಜಮೀನು ಕೊಡುತ್ತಿದ್ದ 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ 160 ಎಕರೆ ಸಿಗಬೇಕಾದರೆ ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಿದ್ದಕ್ಕೆ ಸಾಕ್ಷಿ ಬೇಕಿತ್ತು. ಹೊರದೇಶದವರು ಪೌರತ್ವದ ಕಾಗದವನ್ನೂ ಕೊಡಬೇಕಿತ್ತು. ಆ ಫೈಲ್ ತರಿಸುವ ಅರ್ಜಿ ತುಂಬುವುದನ್ನೂ ನೀವೇ ತೋರಿಸಿದಿರಿ.

ಅಮೆರಿಕ ಸರ್ಕಾರದ ಹಳೇ ದಾಖಲೆ ಇಡುವ ನ್ಯಾಷನಲ್ ಆರ್ಕೈವ್ಸ್‌ನಿಂದ ಫೈಲ್ ಬಂತು. ಹುಲ್ಲುಬೇರಿನ ಮಣ್ಣುಹೆಂಟೆ ಪೇರಿಸಿ ಕಟ್ಟಿದ ಮನೆ, 14 ಅಡಿಗೆ 16. ಒಂದು ಬಾಗಿಲು, ಎರಡು ಕಿಟಕಿ, ಒಂದು ಬಾವಿ. ಇಬ್ಬರು ನೆರೆಯವರ ಸಹಿ. ಪೌರತ್ವದ ಹಾಳೆಯಲ್ಲಿ ಹಳೇ ದೇಶ: ಸ್ವೀಡನ್. ಜರ್ಮನಿ ಅಂತಲೇ ನಂಬಿದ್ದ ನಮ್ಮತ್ತೆ ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು.

ತುಂಬಾ ಥ್ಯಾಂಕ್ಸ್ ರೀ. ಅವತ್ತು ನೀವು ಕೊಟ್ಟ ಪೆನ್ಸಿಲ್ ನನ್ನ ಬ್ಯಾಗಿನಲ್ಲೇ ಉಳಿದಿದೆ.